ಅಪ್ಪ ಯಾವಾಗ ಬರ್ತಾರೆ ಎಂದು ಮಗು ದಿನಾ ಕೇಳುತ್ತಿದ್ದರೆ

ಪ್ರಶ್ನೆ: ನಾವು ಕೊಡಗಿನ ಸಿದ್ದಾಪುರದ ಕಡೆಯವರು. ತಿಂಗಳ ಹಿಂದೆ ಮುಂಜಾನೆ ತೋಟಕ್ಕೆ ಹೋದ ನನ್ನ ಭಾವ ಕಾಡಾನೆ ದಾಳಿಯಲ್ಲಿ ತೀರಿಕೊಂಡರು. ಅಕ್ಕನಿಗೆ ಇಬ್ಬರು ಮಕ್ಕಳು, ಮಗನಿಗೆ 12, ಮಗಳಿಗೆ 6. ಅಂತ್ಯಕ್ರಿಯೆಯ ದಿನ ಚಿಕ್ಕವಳನ್ನು ನೆಂಟರ ಮನೆಗೆ ಕಳಿಸಿದ್ದೆವು. ಅಪ್ಪ ಬೆಂಗಳೂರಿಗೆ ಹೋಗಿದ್ದಾರೆ ಎಂದು ಹೇಳಿದ್ದೇವೆ. ದಿನವಿಡೀ ಆಡಿಕೊಂಡಿರುತ್ತಾಳೆ, ಸಂಜೆಯಾದರೆ ಅಪ್ಪ ಯಾವಾಗ ಬರ್ತಾರೆ ಎಂದು ಕೇಳುತ್ತಾಳೆ, ರಾತ್ರಿ ಹಾಸಿಗೆ ಒದ್ದೆ ಮಾಡುತ್ತಾಳೆ. ದೊಡ್ಡವನು ಇದುವರೆಗೆ ಅತ್ತಿಲ್ಲ, ಶಾಲೆಗೂ ಹೋಗುತ್ತಿಲ್ಲ. ಆ ದಿನ ಅಪ್ಪ ಕರೆದಾಗ ನಾನು ಏಳಲಿಲ್ಲ ಎಂದು ಒಮ್ಮೆ ಹೇಳಿದ. ಯಾರದೋ ಮೊಬೈಲಿನಲ್ಲಿ ವಿಡಿಯೋ ನೋಡಿದ್ದಾನೆ ಅನಿಸುತ್ತದೆ. ಅಕ್ಕ ಮಾತೇ ಆಡುತ್ತಿಲ್ಲ. ಸುಗ್ಗಿ ಹಬ್ಬ ಹುತ್ತರಿ ಬೇರೆ ಹತ್ತಿರ ಬಂತು. ನಾವು ಏನು ಮಾಡಬೇಕು?

ಉತ್ತರ: ಮೊದಲು ಚಿಕ್ಕವಳಿಗೆ ನಿಜ ಹೇಳಿ. ಹುತ್ತರಿ ಕಳೆಯಲಿ, ಅಕ್ಕ ಸ್ವಲ್ಪ ಸುಧಾರಿಸಲಿ ಎಂದು ಮುಂದೆ ಹಾಕಬೇಡಿ, ಈ ವಾರವೇ ಆಗಲಿ. ಮಗುವನ್ನು ನೋವಿನಿಂದ ದೂರ ಇಡಬೇಕೆಂಬ ಪ್ರೀತಿಯಿಂದಲೇ ನೀವು ಬೆಂಗಳೂರಿನ ಮಾತು ಹೇಳಿದ್ದೀರಿ. ಆದರೆ ಈಗ ಅವಳ ಪಾಲಿಗೆ ಅಪ್ಪ ಒಂದು ಮಾತೂ ಹೇಳದೆ ಹೋದವರು, ಒಂದು ಫೋನೂ ಮಾಡದವರು. ಮನೆಯವರೆಲ್ಲ ಅಳುತ್ತಿದ್ದಾರೆ, ತಾನು ಒಳಗೆ ಬಂದರೆ ಮಾತು ನಿಲ್ಲಿಸುತ್ತಾರೆ ಎಂಬುದು ಆರು ವರ್ಷದ ಮಗುವಿಗೆ ಚೆನ್ನಾಗಿ ಕಾಣುತ್ತದೆ. ಕಾರಣ ಯಾರೂ ಹೇಳದಿದ್ದರೆ ತಾನೇ ಒಂದು ಕಾರಣ ಕಟ್ಟಿಕೊಳ್ಳುತ್ತದೆ. ಈ ವಯಸ್ಸಿನಲ್ಲಿ ಆ ಕಾರಣ ಹೆಚ್ಚಾಗಿ 'ನಾನು ಹಟ ಮಾಡಿದ್ದಕ್ಕೆ' ಎಂದೇ ಇರುತ್ತದೆ.

ಹೇಳಬೇಕಾದವರು ಅಮ್ಮ. ಅಕ್ಕನಿಗೆ ಬಾಯಿ ಬಾರದಿದ್ದರೆ ನೀವು ಹೇಳಿ, ಅವರು ಪಕ್ಕದಲ್ಲಿ ಕೂತು ಮಗಳ ಕೈ ಹಿಡಿದುಕೊಂಡರೆ ಸಾಕು. ಶಾಲೆ ಇಲ್ಲದ ದಿನ ಬೆಳಿಗ್ಗೆ, ತಿಂಡಿ ಆದ ಮೇಲೆ ಹೇಳಿ; ಮಲಗುವ ಹೊತ್ತಿಗೆ ಖಂಡಿತ ಬೇಡ. ಮೊಬೈಲ್ ಬೇರೆ ಕೋಣೆಯಲ್ಲಿರಲಿ, ನೆಂಟರು ಯಾರೂ ಇಲ್ಲದಿರಲಿ. ಅಣ್ಣನಿಗೆ ಹಿಂದಿನ ದಿನವೇ ತಿಳಿಸಿ. ತಂಗಿಯ ಮುಂದೆ ತಿಂಗಳಿನಿಂದ ಸುಳ್ಳನ್ನು ಕಾಯ್ದುಕೊಂಡು ಬಂದ ಭಾರ ಅವನ ಮೇಲೂ ಇದೆ.

ಮಾತು ಹೆಚ್ಚುಕಡಿಮೆ ಹೀಗಿರಲಿ: "ನಿನಗೆ ಒಂದು ದುಃಖದ ವಿಷಯ ಹೇಳಬೇಕು. ಅಪ್ಪ ಬೆಂಗಳೂರಿಗೆ ಹೋಗಿಲ್ಲ. ನಿನಗೆ ಹೇಗೆ ಹೇಳೋದು ಅಂತ ಗೊತ್ತಾಗದೆ ಹಾಗೆ ಹೇಳಿಬಿಟ್ಟೆವು, ಅದು ತಪ್ಪು. ಆ ದಿನ ತೋಟದಲ್ಲಿ ಆನೆ ಎದುರಾಯಿತು. ಅಪ್ಪನ ಮೈಗೆ ತುಂಬಾ ಪೆಟ್ಟಾಯಿತು. ಅಷ್ಟು ಪೆಟ್ಟಾದರೆ ಡಾಕ್ಟರಿಗೂ ಸರಿ ಮಾಡಲು ಆಗುವುದಿಲ್ಲ. ಅಪ್ಪ ಸತ್ತುಹೋದರು." ಇಷ್ಟಕ್ಕೆ ನಿಲ್ಲಿಸಿ. ಒಂದೆರಡು ನಿಮಿಷ ಸುಮ್ಮನೆ ಕೂರಿ. ಆ ಮೌನವನ್ನು ಸಮಾಧಾನದ ಮಾತಿನಿಂದ ತುಂಬಿಸಬೇಕು ಅನಿಸುತ್ತದೆ, ತುಂಬಿಸಬೇಡಿ. ಆಮೇಲೆ ಸತ್ತುಹೋಗುವುದು ಎಂದರೇನು ಎಂದು ಹೇಳಿ: ಮೈ ಕೆಲಸ ಮಾಡುವುದು ನಿಂತಿದೆ, ಉಸಿರಾಡುವುದಿಲ್ಲ, ಹಸಿವಾಗುವುದಿಲ್ಲ, ಚಳಿಯಾಗುವುದಿಲ್ಲ, ನೋವಾಗುವುದಿಲ್ಲ, ಇನ್ನು ವಾಪಸ್ ಬರಲು ಆಗುವುದಿಲ್ಲ.

'ತೀರಿಕೊಂಡರು', 'ಹೋಗಿಬಿಟ್ಟರು' ಎಂದರೆ ದೊಡ್ಡವರಿಗೆ ಅರ್ಥವಾಗುತ್ತದೆ. ಮಗುವಿನ ಹತ್ತಿರ ಕಠಿಣ ಅನಿಸಿದರೂ 'ಸತ್ತರು' ಎಂಬ ಮಾತೇ ಬೇಕು. 'ಮಲಗಿದ್ದಾರೆ' ಎಂದರೆ ಮಗುವಿಗೆ ಮಲಗಲು ಹೆದರಿಕೆಯಾಗುತ್ತದೆ. 'ದೇವರಿಗೆ ಒಳ್ಳೆಯವರೇ ಬೇಕು' ಎಂದರೆ ಒಳ್ಳೆಯವಳಾಗಿರುವುದೇ ಅಪಾಯ ಎಂದು ತಿಳಿಯುತ್ತದೆ. ನಮ್ಮ ಕಡೆ ಇನ್ನೊಂದು ತೊಡಕಿದೆ. ಆನೆಯನ್ನು ಗಣಪತಿ ಎಂದು ಕೈಮುಗಿಯುವವರು ನಾವು. ಸಾಂತ್ವನಕ್ಕೆ ಬಂದ ಹಿರಿಯರು "ಗಣಪತಿಯೇ ಕರೆದುಕೊಂಡ" ಎಂದು ಹೇಳಿದರೆ, ದೇವರಮನೆಯ ಪಟದಲ್ಲಿರುವವನೇ ಅಪ್ಪನನ್ನು ಕೊಂದ ಎಂದು ಮಗು ಕೇಳಿಸಿಕೊಳ್ಳುತ್ತದೆ. ಅವಳು ಹಾಗೆ ಕೇಳಿಬಿಟ್ಟರೆ ಗದರಿಸದೆ ಉತ್ತರ ಕೊಡಿ: "ಅದು ದೇವರಲ್ಲ, ಕಾಡಿನ ಪ್ರಾಣಿ. ಮೇವು ಹುಡುಕಿ ತೋಟಕ್ಕೆ ಬಂದಿತ್ತು. ಮನುಷ್ಯರು ಹತ್ತಿರ ಬಂದರೆ ಅದಕ್ಕೆ ಹೆದರಿಕೆಯಾಗುತ್ತದೆ, ಸಿಟ್ಟು ಬರುತ್ತದೆ." ಶಾಲೆಯಿಂದ ದುಬಾರೆ ಆನೆ ಶಿಬಿರಕ್ಕೆ ಪ್ರವಾಸ ಹೊರಟರೆ ಇಬ್ಬರು ಮಕ್ಕಳನ್ನೂ ಕೇಳಿ ನಿರ್ಧರಿಸಿ. ಬರುವುದಿಲ್ಲ ಎಂದರೆ ಒತ್ತಾಯ ಬೇಡ.

ನಿಜ ಕೇಳಿದ ಮೇಲೆ ಅವಳು ಅಳಬಹುದು, ಅಥವಾ "ಸರಿ" ಎಂದು ಎದ್ದು ಆಡಲು ಹೋಗಬಹುದು. ಎರಡೂ ಸಹಜ. ಚಿಕ್ಕ ಮಕ್ಕಳು ದುಃಖವನ್ನು ಒಟ್ಟಿಗೆ ಹೊರಲಾರರು. ಹತ್ತು ನಿಮಿಷ ಅತ್ತು, ಒಂದು ಗಂಟೆ ಆಡಿ, ಊಟದ ಮಧ್ಯೆ ಒಂದು ಪ್ರಶ್ನೆ ಕೇಳುತ್ತಾರೆ. ನಾಳೆ ಸಂಜೆ ಮತ್ತೆ "ಅಪ್ಪ ಯಾವಾಗ ಬರ್ತಾರೆ" ಎಂದೇ ಕೇಳಿದರೆ ನೀವು ಹೇಳಿದ್ದು ವ್ಯರ್ಥವಾಯಿತು ಎಂದುಕೊಳ್ಳಬೇಡಿ. ಸತ್ತವರು ಮರಳುವುದಿಲ್ಲ, ಅವರ ದೇಹದ ಎಲ್ಲ ಕೆಲಸವೂ ನಿಂತಿರುತ್ತದೆ, ಅದಕ್ಕೊಂದು ಕಾರಣ ಇರುತ್ತದೆ, ಎಲ್ಲರೂ ಒಂದು ದಿನ ಸಾಯುತ್ತಾರೆ. ಈ ತಿಳಿವಳಿಕೆಗಳು ಸಾಮಾನ್ಯವಾಗಿ 5ರಿಂದ 7 ವರ್ಷದ ನಡುವೆ ಒಂದೊಂದಾಗಿ ಬರುತ್ತವೆ, ಕೆಲವು ಮಕ್ಕಳಿಗೆ ಪೂರ್ತಿ ಬರಲು 9–10 ವರ್ಷವಾಗುತ್ತದೆ. ಅವಳು ಕೇಳಿದಷ್ಟು ಸಲವೂ ಅದೇ ಮಾತನ್ನು ಅದೇ ದನಿಯಲ್ಲಿ ಹೇಳಿ. ಮನೆಯ ಎಲ್ಲರ ಉತ್ತರವೂ ಒಂದೇ ಇರಬೇಕು. ಅಜ್ಜಿ ಒಂದು, ಮಾವ ಇನ್ನೊಂದು ಹೇಳಿದರೆ ಮಗು ಮತ್ತೆ ಮೊದಲಿನ ಜಾಗಕ್ಕೇ ಬರುತ್ತದೆ.

ಕೆಲವು ಪ್ರಶ್ನೆಗಳಿಗೆ ಈಗಲೇ ಸಿದ್ಧರಾಗಿರಿ. "ಅಪ್ಪನಿಗೆ ನೋವಾಯ್ತಾ?" ಎಂದರೆ: "ಪೆಟ್ಟಾದಾಗ ನೋವಾಗಿರಬಹುದು. ಈಗ ಸ್ವಲ್ಪವೂ ಇಲ್ಲ." "ಅಮ್ಮನೂ ಸಾಯ್ತಾಳಾ?" ಎಂದರೆ ಇಲ್ಲವೇ ಇಲ್ಲ ಎಂದು ಆಣೆ ಮಾಡಬೇಡಿ. "ಅಮ್ಮ ಗಟ್ಟಿಯಾಗಿದ್ದಾಳೆ, ಬಹಳ ವರ್ಷ ಇರ್ತಾಳೆ ಅಂತ ನಮ್ಮ ನಂಬಿಕೆ. ಏನೇ ಆದರೂ ನಿನ್ನನ್ನು ನೋಡಿಕೊಳ್ಳೋಕೆ ಚಿಕ್ಕಮ್ಮ ಇದ್ದೇನೆ, ಅಜ್ಜಿ ಇದ್ದಾರೆ" ಎಂದು ಹೆಸರು ಹಿಡಿದು ಹೇಳಿ. "ಆನೆ ನಮ್ಮ ಮನೆಗೂ ಬರುತ್ತಾ?" ಎಂಬುದು ಎಲ್ಲಕ್ಕಿಂತ ಕಷ್ಟದ ಪ್ರಶ್ನೆ, ಏಕೆಂದರೆ ನಿಮ್ಮ ಕಡೆ ಅದು ಬರಬಹುದು. ಬರುವುದಿಲ್ಲ ಎಂದುಬಿಟ್ಟು ಅದೇ ವಾರ ಅಂಗಳದಲ್ಲಿ ಲದ್ದಿ ಬಿದ್ದಿದ್ದರೆ ನಿಮ್ಮ ಯಾವ ಮಾತನ್ನೂ ಅವಳು ಮತ್ತೆ ನಂಬುವುದಿಲ್ಲ. ಅದರ ಬದಲು ಮನೆಯವರು ಏನೇನು ಮಾಡುತ್ತೀರಿ ಎಂದು ಹೇಳಿ: ಬೆಳಕು ಹರಿಯುವ ಮುಂಚೆ ಯಾರೂ ತೋಟಕ್ಕೆ ಇಳಿಯುವುದಿಲ್ಲ, ಸಂಜೆ ಬಾಗಿಲು ಹಾಕಿಕೊಳ್ಳುತ್ತೇವೆ, ಆನೆ ಬಂದಿದೆ ಎಂದು ಊರಿನ ವಾಟ್ಸಾಪ್ ಗುಂಪಿನಲ್ಲಿ ಬಂದರೆ ಹೊರಗೆ ಕಾಲಿಡುವುದಿಲ್ಲ, ನಿನ್ನನ್ನು ಬಸ್ಸಿನವರೆಗೆ ದೊಡ್ಡವರೇ ಬಿಡುತ್ತೇವೆ. ಹೇಳಿದ ಮೇಲೆ ಹಾಗೆಯೇ ನಡೆದುಕೊಳ್ಳಿ. ಕೊಯ್ಲಿನ ಗಡಿಬಿಡಿಯಲ್ಲಿ ಯಾರಾದರೂ ಕತ್ತಲಲ್ಲಿ ಹೊರಟರೆ ಅವಳು ಕಿಟಕಿಯಿಂದ ನೋಡುತ್ತಿರುತ್ತಾಳೆ.

ಅಂತ್ಯಕ್ರಿಯೆಗೆ ಅವಳು ಇರಲಿಲ್ಲವಲ್ಲ, ಆ ಜಾಗಕ್ಕೆ ಒಮ್ಮೆ ಹಗಲು ಹೊತ್ತು ಕರೆದುಕೊಂಡು ಹೋಗಿ. ಅಲ್ಲಿ ಏನು ಕಾಣುತ್ತದೆ, ಯಾರು ಜೊತೆಗೆ ಬರುತ್ತಾರೆ, ಎಷ್ಟು ಹೊತ್ತು ಇರುತ್ತೇವೆ ಎಂದು ಮನೆಯಲ್ಲೇ ಹೇಳಿ, ಬರಲು ಇಷ್ಟವಿದೆಯೇ ಎಂದು ಕೇಳಿ. ಕಾಲು ಗಂಟೆ ಸಾಕು. ದಹನ ಮಾಡಿದ್ದರೆ ಅದನ್ನೂ ಮುಚ್ಚಿಡಬೇಡಿ, ಮೈಗೆ ನೋವು ಗೊತ್ತಾಗುವುದಿಲ್ಲ ಎಂಬುದನ್ನು ಮೊದಲು ಹೇಳಿ, ಆಮೇಲೆ ಉಳಿದದ್ದು. ಹೂವು ಇಡುವುದೋ, ತಾನು ಬರೆದ ಚಿತ್ರ ಇಡುವುದೋ ಅವಳೇ ಆರಿಸಲಿ.

ಹಾಸಿಗೆ ಒದ್ದೆಯಾಗುವುದಕ್ಕೆ ಬೈಯುವುದು, ನಾಚಿಸುವುದು, ಅಣ್ಣನ ಮುಂದೆ ಆಡಿಕೊಳ್ಳುವುದು ಬೇಡ. ಹಗಲು ನೀರು ಕಡಿಮೆ ಮಾಡಬೇಡಿ. ಮಲಗುವ ಮುಂಚೆ ಒಮ್ಮೆ ಕರೆದುಕೊಂಡು ಹೋಗಿ, ಹಾಸಿಗೆಯ ಮೇಲೆ ಪ್ಲಾಸ್ಟಿಕ್ ಹಾಳೆ ಹಾಕಿ ಅದರ ಮೇಲೆ ಬೆಡ್‌ಶೀಟ್ ಹಾಸಿ, ಬಚ್ಚಲಿನ ದಾರಿಗೆ ಸಣ್ಣ ದೀಪ ಇಡಿ. ಬಚ್ಚಲು ಮನೆಯ ಹೊರಗಿದ್ದರೆ ರಾತ್ರಿ ಕತ್ತಲಲ್ಲಿ ಅಲ್ಲಿಗೆ ಹೋಗುವ ಹೆದರಿಕೆಯೇ ಕಾರಣವಿರಬಹುದು, ಕೋಣೆಯಲ್ಲೇ ಒಂದು ಪಾತ್ರೆ ಇಟ್ಟು ನೋಡಿ. ಇಂಥದ್ದು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನಾಗಿ ಕಡಿಮೆಯಾಗುತ್ತದೆ. ಆದರೆ ಮೂತ್ರ ಮಾಡುವಾಗ ಉರಿ, ಜ್ವರ ಇದ್ದರೆ ಮೂತ್ರ ಪರೀಕ್ಷೆ ಮಾಡಿಸಿ. ವಿಪರೀತ ಬಾಯಾರಿಕೆ, ಪದೇಪದೇ ಮೂತ್ರ, ತೂಕ ಇಳಿಯುವುದು ಕಂಡರೆ ಅದೇ ದಿನ ರಕ್ತದ ಸಕ್ಕರೆ ನೋಡಿಸಬೇಕು. ಮಗುವಿನ ಎಲ್ಲ ತೊಂದರೆಯನ್ನೂ ದುಃಖದ ಲೆಕ್ಕಕ್ಕೆ ಹಾಕಿ ಮಧುಮೇಹವನ್ನು ತಡವಾಗಿ ಗುರುತಿಸಿದರೆ ಜೀವಕ್ಕೆ ಅಪಾಯ.

ದೊಡ್ಡವನ ಬಗ್ಗೆ ನನಗೆ ಹೆಚ್ಚು ಚಿಂತೆ. ಅವನು ಅತ್ತಿಲ್ಲ ಎಂಬುದಕ್ಕಲ್ಲ; ಅಳದಿರುವುದು ತಾನಾಗಿಯೇ ದೋಷವಲ್ಲ, ಅಳಿಸಲು ಯಾರೂ ಪ್ರಯತ್ನಿಸಬೇಕಿಲ್ಲ. ಚಿಂತೆ ಅವನು ಹೇಳಿದ ಆ ಒಂದು ಮಾತಿನದು. ತಾನು ಎದ್ದಿದ್ದರೆ ಅಪ್ಪ ಬದುಕುತ್ತಿದ್ದರು ಎಂದು ಅವನು ತಿಂಗಳಿನಿಂದ ಒಬ್ಬನೇ ಲೆಕ್ಕ ಹಾಕುತ್ತಿರಬಹುದು. ಇಂಥ ಮಾತು ಬಂದಾಗ ಎಲ್ಲರೂ ತಕ್ಷಣ "ಛೆ, ಹಾಗೆಲ್ಲ ಅಂದ್ಕೋಬಾರದು" ಎನ್ನುತ್ತಾರೆ. ಅಲ್ಲಿಗೆ ಮಾತು ಮುಗಿಯುತ್ತದೆ, ಲೆಕ್ಕ ಒಳಗೆ ಮುಂದುವರಿಯುತ್ತದೆ. ಮೊದಲು ಕೇಳಿ: "ಆ ಬೆಳಿಗ್ಗೆ ಏನಾಯ್ತು, ಮೊದಲಿಂದ ಹೇಳು." ಪೂರ್ತಿ ಹೇಳಲಿ. "ನೀನು ಎದ್ದಿದ್ದರೆ ಏನಾಗ್ತಿತ್ತು ಅಂತ ನಿನಗನಿಸುತ್ತೆ?" ಎಂದು ಕೇಳಿ, ಅದನ್ನೂ ಪೂರ್ತಿ ಕೇಳಿಸಿಕೊಳ್ಳಿ. ಆಮೇಲೆ ನಿಜ ಸಂಗತಿ ಹೇಳಿ. ಅಪ್ಪ ಎಷ್ಟೋ ಸಲ ಒಬ್ಬರೇ ಹೋಗಿದ್ದಾರೆ. ಕಾಫಿ ಗಿಡಗಳ ನಡುವೆ ನಿಂತ ಆನೆ ಕೆಲವೇ ಅಡಿ ದೂರದಲ್ಲಿದ್ದರೂ ದೊಡ್ಡವರ ಕಣ್ಣಿಗೇ ಬೀಳುವುದಿಲ್ಲ. ಅದು ಓಡತೊಡಗಿದರೆ ತೋಟದೊಳಗೆ ದೊಡ್ಡವರಿಗೂ ತಪ್ಪಿಸಿಕೊಳ್ಳುವುದು ಬಹಳ ಕಷ್ಟ. 12 ವರ್ಷದ ಹುಡುಗ ಜೊತೆಗಿದ್ದರೆ ಅದು ನಿಲ್ಲುತ್ತಿರಲಿಲ್ಲ. ನಿದ್ದೆ ಮಾಡುವುದು ತಪ್ಪಲ್ಲ. ಈ ಮಾತು ಒಂದು ಸಲಕ್ಕೆ ಮುಗಿಯುವುದಿಲ್ಲ, ತಿಂಗಳು ಬಿಟ್ಟು ಮತ್ತೆ ಬರುತ್ತದೆ, ಮತ್ತೆ ಅಷ್ಟೇ ತಾಳ್ಮೆಯಿಂದ ಕೇಳಬೇಕು. ಮುಖ ನೋಡಿಕೊಂಡು ಕೂತರೆ ಈ ವಯಸ್ಸಿನ ಹುಡುಗರು ಮಾತಾಡುವುದು ಕಡಿಮೆ. ಕಣದಲ್ಲಿ ಕಾಫಿ ಹರವುವಾಗ, ಬೈಕಿನಲ್ಲಿ ಪೇಟೆಗೆ ಹೋಗುವಾಗ, ಪಕ್ಕಪಕ್ಕದಲ್ಲಿ ಕೆಲಸ ಮಾಡುವಾಗ ಬಾಯಿ ಬಿಡುತ್ತಾರೆ. ಅವನಿಗೆ ಹತ್ತಿರದ ಮಾವನೋ ದೊಡ್ಡಪ್ಪನೋ ಇದ್ದರೆ ಅವರಿಗೆ ಇದನ್ನು ವಹಿಸಿ.

"ಇನ್ನು ನೀನೇ ಮನೆಗೆ ಗಂಡು, ಅಮ್ಮನ್ನ ತಂಗೀನ ನೀನೇ ನೋಡ್ಕೋಬೇಕು" ಎಂದು ಅವನ ಬೆನ್ನು ತಟ್ಟಿದವರು ಎಷ್ಟು ಮಂದಿ ಇದ್ದಾರೋ! ಆ ಮಾತನ್ನು ಮನೆಯವರೇ ಸ್ಪಷ್ಟವಾಗಿ ಹಿಂದಕ್ಕೆ ತೆಗೆದುಕೊಳ್ಳಬೇಕು: "ತೋಟ, ಸಾಲ, ಬ್ಯಾಂಕು ದೊಡ್ಡವರ ಕೆಲಸ. ನೀನು ಏಳನೇ ಕ್ಲಾಸಿನ ಹುಡುಗ." ಪರಿಹಾರದ ಹಣ, ಅರಣ್ಯ ಇಲಾಖೆಯ ಕಾಗದ, ಯಾರಿಗೆ ಎಷ್ಟು ಎಂಬ ಮಾತು ಅವನ ಕಿವಿಗೆ ಬೀಳದಂತೆ ನೋಡಿಕೊಳ್ಳಿ. ಅಪ್ಪನಿಗೆ ಬೆಲೆ ಕಟ್ಟುತ್ತಿದ್ದಾರೆ ಎಂದು ಈ ವಯಸ್ಸಿನವರಿಗೆ ಬಹಳ ಸಿಟ್ಟು ಬರುತ್ತದೆ.

ವಿಡಿಯೋ ವಿಷಯ ಅನುಮಾನದಲ್ಲೇ ಬಿಡಬೇಡಿ. "ಅಪ್ಪನ ವಿಡಿಯೋ ಓಡಾಡ್ತಿದೆ ಅಂತ ಗೊತ್ತಾಯ್ತು. ನೀನು ನೋಡಿದ್ದರೆ ನಾನು ಬೈಯಲ್ಲ" ಎಂದು ನೇರವಾಗಿ ಕೇಳಿ. ನೋಡಿದ್ದರೆ ಏನು ಕಂಡಿತು, ಅದು ಕಣ್ಣಮುಂದೆ ಯಾವಾಗ ಬರುತ್ತದೆ ಎಂದು ಅವನೇ ಹೇಳಲಿ. ನೀವು ಬಿಡಿಸಿ ಬಿಡಿಸಿ ಕೇಳಬೇಡಿ. ಮನೆಯ ದೊಡ್ಡವರೊಬ್ಬರು ಗುಂಪುಗಳ ಅಡ್ಮಿನ್‌ಗಳಿಗೆ ಫೋನ್ ಮಾಡಿ ಅಳಿಸಲು ಹೇಳಲಿ. ನೆಂಟರ ಮೊಬೈಲಿನಲ್ಲಿದ್ದರೆ ಅದೂ ಹೋಗಲಿ. ಅವನ ಮೊಬೈಲ್ ಪೂರ್ತಿ ಕಸಿದುಕೊಳ್ಳಬೇಡಿ, ಗೆಳೆಯರ ಜೊತೆಗಿನ ಒಂದೇ ದಾರಿ ಈಗ ಅದಾಗಿರಬಹುದು. ಆ ದೃಶ್ಯ ತಾನಾಗಿ ನುಗ್ಗಿ ಬರುವುದು, ಕೆಟ್ಟ ಕನಸು, ಸಣ್ಣ ಸದ್ದಿಗೂ ಬೆಚ್ಚುವುದು, ತೋಟದ ದಾರಿಯನ್ನೇ ಬಿಡುವುದು ಒಂದು ತಿಂಗಳು ದಾಟಿದ ಮೇಲೂ ಮುಂದುವರಿದಿದ್ದರೆ ಅದು ಬರೀ ದುಃಖವಲ್ಲ, ಆಘಾತದ ಗಾಯ. ಅದಕ್ಕೆ ಮಾತಿನ ಚಿಕಿತ್ಸೆ ಇದೆ, ಮಕ್ಕಳಲ್ಲಿ ಚೆನ್ನಾಗಿ ಫಲ ಕೊಡುತ್ತದೆ. ಅವನನ್ನು ಈಗಲೇ ಒಮ್ಮೆ ತೋರಿಸಿ ಎಂದೇ ನನ್ನ ಸಲಹೆ.

ಶಾಲೆಗೆ ಒಂದೇ ಸಲ ಇಡೀ ದಿನ ಕಳಿಸುವುದು ಬೇಡ. ನೀವು ಮೊದಲು ಹೋಗಿ ಕ್ಲಾಸ್ ಟೀಚರನ್ನು ನೋಡಿ. ಏನಾಯಿತು, ಅವನಿಗೆ ಏನು ಗೊತ್ತು, ತರಗತಿಯಲ್ಲಿ ಏನು ಹೇಳಬೇಕು ಎಂದು ತಿಳಿಸಿ. ಅವನು ಬರುವ ಹಿಂದಿನ ದಿನ ಟೀಚರು ಮಕ್ಕಳಿಗೆ ಎರಡು ಮಾತಿನಲ್ಲಿ ಹೇಳಿ, ವಿಡಿಯೋ ವಿಷಯ ಎತ್ತಬಾರದು ಎಂದು ಎಚ್ಚರಿಸಲಿ. ಮೊದಲ ಎರಡು ಮೂರು ದಿನ ಮಧ್ಯಾಹ್ನದವರೆಗೆ ಇದ್ದರೆ ಸಾಕು. ತಡೆಯಲಾಗದಿದ್ದರೆ ಯಾರನ್ನೂ ಕೇಳದೆ ಎದ್ದು ಹೋಗಿ ಕೂರಲು ಒಂದು ಜಾಗ, ಟೀಚರಿಗೆ ತೋರಿಸಲು ಒಂದು ಸನ್ನೆ, ಜೊತೆಗೆ ಒಬ್ಬ ಗೆಳೆಯ ಇರಲಿ. "ಏನಾಯ್ತೋ?" ಎಂದು ಕೇಳಿದವರಿಗೆ ಕೊಡಲು ಒಂದು ಸಿದ್ಧ ಉತ್ತರ ಮನೆಯಲ್ಲೇ ಮಾಡಿಕೊಳ್ಳಿ: "ನಮ್ಮಪ್ಪ ಹೋದರು, ಅದರ ಬಗ್ಗೆ ಈಗ ಮಾತಾಡಲ್ಲ." ಹೋಮ್‌ವರ್ಕ್ ಕೆಲವು ವಾರ ಕಡಿಮೆ ಇರಲಿ, ದುಃಖದಲ್ಲಿ ಓದಿದ್ದು ತಲೆಯಲ್ಲಿ ನಿಲ್ಲುವುದಿಲ್ಲ, ಅದು ಸೋಮಾರಿತನವಲ್ಲ.

ಅಕ್ಕನ ಬಗ್ಗೆ. ತಂದೆ ಹೋದ ಮಕ್ಕಳು ಮುಂದೆ ಹೇಗಿರುತ್ತಾರೆ ಎಂಬುದು ಉಳಿದ ತಾಯಿ ದಿನ ನಡೆಸುವ ಸ್ಥಿತಿಯಲ್ಲಿದ್ದಾಳೆಯೇ ಎಂಬುದರ ಮೇಲೆ ಬಹಳ ಮಟ್ಟಿಗೆ ನಿಂತಿರುತ್ತದೆ. ಆದ್ದರಿಂದ ಮಕ್ಕಳಿಗೆ ನೀವು ಮಾಡಬಹುದಾದ ದೊಡ್ಡ ಉಪಕಾರ ಅಕ್ಕನ ಊಟ, ನಿದ್ದೆ ನೋಡಿಕೊಳ್ಳುವುದು. ಕೆಲಸದವರ ಸಂಬಳ, ಕಾಫಿ ಕೊಯ್ಲಿನ ಮಾತು, ಕಚೇರಿ ಅಲೆದಾಟವನ್ನು ಸದ್ಯಕ್ಕೆ ಯಾರಾದರೂ ಹೊತ್ತುಕೊಳ್ಳಲಿ. ಆದರೆ ಮಕ್ಕಳಿಗೆ ಬಡಿಸುವುದು, ತಲೆ ಬಾಚುವುದು, ಮಲಗಿಸುವುದು ಅವರ ಕೈಯಲ್ಲೇ ಇರಲಿ. ಬಂದ ನೆಂಟರು ಪ್ರೀತಿಯಿಂದ ಇದನ್ನೇ ಕಸಿದುಕೊಂಡು, ತಾಯಿಯನ್ನು ಕೋಣೆಯಲ್ಲಿ ಕೂರಿಸಿಬಿಡುತ್ತಾರೆ. ಮಕ್ಕಳ ಮುಂದೆ ಅಳುವುದರಲ್ಲಿ ತಪ್ಪಿಲ್ಲ. "ಅಪ್ಪನ ನೆನಪಾಗಿ ಅಳು ಬಂತು, ನಿನ್ನಿಂದ ಅಲ್ಲ. ಆಮೇಲೆ ಊಟ ಮಾಡೋಣ" ಎಂದು ಹೇಳಿದರೆ ಮಕ್ಕಳು ಹೆದರುವುದಿಲ್ಲ. ಊಟ ನಿದ್ದೆ ಎರಡೂ ಕೆಟ್ಟು, ಬದುಕುವುದು ಬೇಡ ಎಂಬ ಮಾತು ಬಂದರೆ ಅವರನ್ನೂ ಕೂಡಲೇ ವೈದ್ಯರಿಗೆ ತೋರಿಸಿ.

ಅಪ್ಪನ ಬಟ್ಟೆ ಕೊಡುವುದಿದ್ದರೆ, ಸುಡುವುದಿದ್ದರೆ ಮೊದಲು ಮಕ್ಕಳು ತಮಗೆ ಬೇಕಾದ್ದನ್ನು ತೆಗೆದುಕೊಳ್ಳಲಿ. ಕೊನೆಯಲ್ಲಿ ಹಾಕಿಕೊಂಡಿದ್ದ ಸ್ವೆಟರ್ ಮನೆಯಲ್ಲಿ ಉಳಿದಿದ್ದರೆ ಒಗೆಯಬೇಡಿ. ಜಿಪ್ ಇರುವ ಪ್ಲಾಸ್ಟಿಕ್ ಕವರಿನಲ್ಲಿಟ್ಟರೆ ವಾಸನೆ ಕೆಲವು ಕಾಲ ಉಳಿಯುತ್ತದೆ. ಒಗೆದು ಇಸ್ತ್ರಿ ಮಾಡಿ ಇಟ್ಟ ಬಟ್ಟೆಗಿಂತ ಮಗುವಿಗೆ ಅದೇ ಹೆಚ್ಚು.

ಈಗ ಹುತ್ತರಿ. ಮನೆಯಲ್ಲಿ ಆಚರಿಸಬೇಕೋ ಬಿಡಬೇಕೋ ಎಂಬುದನ್ನು ನಿಮ್ಮ ಹಿರಿಯರು ಪದ್ಧತಿಯಂತೆ ತೀರ್ಮಾನಿಸುತ್ತಾರೆ. ಏನು ತೀರ್ಮಾನವಾಯಿತು, ಏಕೆ ಎಂದು ಮಕ್ಕಳಿಗೆ ವಾರ ಮುಂಚೆ ಹೇಳಿ. ಐನ್‌ಮನೆಗೆ (ಕುಟುಂಬದ ಮೂಲಮನೆಗೆ) ಹೋಗುವುದಾದರೆ ಕಷ್ಟದ ಗಳಿಗೆ ಯಾವುದೆಂದು ಈಗಲೇ ಗೊತ್ತಿದೆ: ಕದಿರು ಕೊಯ್ಯುವಾಗ ಹಾರುವ ಗುಂಡು, ಅದರ ಹಿಂದೆಯೇ ಪಟಾಕಿ. ನಮ್ಮಲ್ಲಿ ಸಾವನ್ನು ಸಾರಲೂ ಗುಂಡು ಹಾರಿಸುವುದುಂಟು, ಆನೆ ಓಡಿಸಲೂ ಪಟಾಕಿಯೇ. ಈ ಮಕ್ಕಳ ಕಿವಿಗೆ ಆ ಸದ್ದು ಈ ವರ್ಷ ಹಬ್ಬದ ಸದ್ದಾಗಿ ಕೇಳದಿರಬಹುದು. "ಈಗ ಗುಂಡು ಹಾರುತ್ತೆ, ಹಬ್ಬಕ್ಕೆ" ಎಂದು ಐದು ನಿಮಿಷ ಮುಂಚೆ ಹೇಳಿ, ಕೈ ಹಿಡಿದು ನಿಲ್ಲಿ, ಬೇಡ ಎಂದರೆ ಮನೆಯೊಳಗೆ ಒಬ್ಬರು ಜೊತೆಗಿರಿ. ಕದಿರು ಹೊತ್ತು "ಪೊಲಿ ಪೊಲಿ ದೇವಾ" ಎನ್ನುತ್ತಾ ಬರುವಾಗ ಅಪ್ಪ ಮಾಡುತ್ತಿದ್ದ ಪಾತ್ರವೇನಾದರೂ ಇತ್ತೇ? ಅದನ್ನು ಈ ಸಲ ಯಾರು ಮಾಡಬೇಕೆಂದು ಮಗನನ್ನು ಕೇಳಿ. ನಾನೇ ಎಂದರೆ ಕೊಡಿ, ಸುಮ್ಮನಿದ್ದರೆ ದೊಡ್ಡವರು ಮಾಡಲಿ. ತಂಬಿಟ್ಟು ತಿನ್ನುವಾಗ ಅಪ್ಪನ ಹೆಸರು ಎತ್ತಲು ಹೆದರಬೇಡಿ. ತೀರಿಕೊಂಡ ಹಿರಿಯರಿಗೆ ಎಡೆ ಇಟ್ಟು 'ಕಾರಣಂಗ್ ಕೊಡುವ' ನಾಡು ಇದು. ಹೋದವರ ಹೆಸರು ಹೇಳಿ ನೆನೆಯುವುದು ನಮಗೆ ಹೊಸತಲ್ಲ, ಅದನ್ನು ಮಕ್ಕಳ ಜೊತೆಗೂ ಮಾಡಿ.

ಎಷ್ಟು ದಿನ ಎಂದು ಕೇಳಿದರೆ, ಕನಿಷ್ಠ ಎರಡು ವರ್ಷ ಗಮನ ಬೇಕು ಎಂದು ಹೇಳುತ್ತೇನೆ. ತಂದೆ ಅಥವಾ ತಾಯಿಯನ್ನು ಕಳೆದುಕೊಂಡ 6ರಿಂದ 17 ವರ್ಷದ 125 ಮಕ್ಕಳನ್ನು ಅಮೆರಿಕದ ಬಾಸ್ಟನ್ ಸುತ್ತಮುತ್ತ ಎರಡು ವರ್ಷ ಹಿಂಬಾಲಿಸಿ ನಡೆಸಿದ ಹೆಸರಾಂತ ಅಧ್ಯಯನದಲ್ಲಿ, ಗಂಭೀರ ತೊಂದರೆ ಇದ್ದವರು ಸುಮಾರು ಐದರಲ್ಲಿ ಒಂದು ಭಾಗ. ಆ ಪ್ರಮಾಣ ಒಂದು ವರ್ಷದ ಹೊತ್ತಿಗಿಂತ ಎರಡು ವರ್ಷದ ಹೊತ್ತಿಗೆ ಕಡಿಮೆಯಾಗಿರಲಿಲ್ಲ. ಅಂದರೆ ಹೆಚ್ಚಿನ ಮಕ್ಕಳು ಮನೆಯವರ ಆಸರೆಯಲ್ಲೇ ಸುಧಾರಿಸುತ್ತಾರೆ. ಆದರೆ ನೆಂಟರು ಬರುವುದು ನಿಂತ ಮೇಲೆ, ವರ್ಷದ ಕಾರ್ಯ ಮುಗಿದ ಮೇಲೆ ತೊಂದರೆ ತೋರಿಸುವ ಮಕ್ಕಳೂ ಇದ್ದಾರೆ.

ಆರು ತಿಂಗಳು ಕಳೆದರೂ ಹೆಚ್ಚಿನ ದಿನ ಅದೇ ತೀವ್ರ ಹಂಬಲ, ಆಟ ಗೆಳೆಯರು ಯಾವುದೂ ಬೇಡ, ಶಾಲೆ ಬಿಟ್ಟೇ ಹೋಯಿತು ಎಂದಾದರೆ ತಜ್ಞರು ನೋಡಬೇಕು. ಕಾಯಲೇಬಾರದ ಮಾತು ಒಂದಿದೆ: "ನಾನೂ ಅಪ್ಪನ ಹತ್ತಿರ ಹೋಗ್ತೇನೆ." ಚಿಕ್ಕವಳ ಬಾಯಲ್ಲಿ ಇದು ಹೆಚ್ಚಾಗಿ ಅಪ್ಪನನ್ನು ನೋಡುವ ಆಸೆ. ದೊಡ್ಡವನು ಹೇಳಿದರೆ "ಸಾಯಬೇಕು ಅನಿಸ್ತಿದೆಯಾ? ಹೇಗೆ ಅಂತ ಯೋಚನೆ ಮಾಡಿದ್ದೀಯಾ?" ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ ಒಬ್ಬನನ್ನೇ ಬಿಡದೆ ಅದೇ ದಿನ ಆಸ್ಪತ್ರೆಗೆ ಹೋಗಿ. ಅವನು ಹೇಳಲಿ ಬಿಡಲಿ, ಇವತ್ತೇ ಒಂದು ಕೆಲಸ ಮಾಡಿ: ಮನೆಯಲ್ಲಿ ಕೋವಿ ಇದ್ದರೆ ಸದ್ಯಕ್ಕೆ ಅದನ್ನು ಮನೆಯಿಂದ ಹೊರಗೆ ಸುರಕ್ಷಿತವಾಗಿ ಇಡುವ ವ್ಯವಸ್ಥೆಯನ್ನು ಹಿರಿಯರು ಕಾನೂನಿನಂತೆ ಮಾಡಲಿ, ಅದಾಗುವವರೆಗೆ ಕೋವಿ ಒಂದು ಕಡೆ, ಗುಂಡು ಇನ್ನೊಂದು ಕಡೆ ಬೀಗದಲ್ಲಿರಲಿ. ತೋಟಕ್ಕೆ ತಂದಿಟ್ಟ ಕೀಟನಾಶಕ, ಕಳೆನಾಶಕಕ್ಕೂ ಬೀಗ ಹಾಕಿ, ಬೀಗದ ಕೈ ದೊಡ್ಡವರೊಬ್ಬರ ಹತ್ತಿರವೇ ಇರಲಿ.

ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416 ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಅಕ್ಕನಿಗಾಗಿಯೂ ನೀವೇ ಕರೆ ಮಾಡಬಹುದು. ಮಡಿಕೇರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕೇಳಿ. ಮಕ್ಕಳಿಗೇ ಮೀಸಲಾದ ವಿಭಾಗ ಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ. ಮಕ್ಕಳ ಸಹಾಯವಾಣಿ 1098. ಇನ್ನೊಂದು, ಮನೆಯ ಆದಾಯ ಕಡಿಮೆ ಇದ್ದರೆ ಸರ್ಕಾರದ ಮಕ್ಕಳ ರಕ್ಷಣೆಯ ಮಿಷನ್ ವಾತ್ಸಲ್ಯ ಯೋಜನೆಯ ಪ್ರಾಯೋಜಕತ್ವದಲ್ಲಿ ವಿಧವೆ ತಾಯಿಯ ಮಕ್ಕಳಿಗೆ ತಲಾ ತಿಂಗಳಿಗೆ 4,000 ರೂಪಾಯಿ ನೆರವಿಗೆ ಅವಕಾಶವಿದೆ. ಅರ್ಜಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಮರಣ ಪ್ರಮಾಣಪತ್ರ, ಮಕ್ಕಳ ಜನನ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಆಧಾರ್, ಶಾಲೆಯ ದೃಢೀಕರಣ, ಬ್ಯಾಂಕ್ ಪಾಸ್‌ಪುಸ್ತಕ ಎಲ್ಲದರ ಎರಡೆರಡು ಪ್ರತಿ ಮಾಡಿಸಿಟ್ಟುಕೊಂಡು ಹೋಗಿ, ಆ ಅಲೆದಾಟಕ್ಕೆ ಮಗನನ್ನು ಕರೆದುಕೊಂಡು ಹೋಗಬೇಡಿ.